ಹೋಗದ ನೋವು, ಬಿಡದ ಮಾತ್ರೆ

ಮೂರು ತಿಂಗಳು ದಾಟಿದರೂ ಉಳಿದಿರುವ, ಇಲ್ಲವೇ ಹೋಗಿ ಹೋಗಿ ಮರಳುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಸೊಂಟನೋವು, ಮಂಡಿನೋವು, ಅರೆತಲೆನೋವು, ಸಕ್ಕರೆ ಕಾಯಿಲೆಯವರ ಅಂಗಾಲಿನ ಉರಿ, ಸರ್ಪಸುತ್ತು ಮಾಯ್ದ ಮೇಲೂ ಅದೇ ಜಾಗದಲ್ಲಿ ಉಳಿಯುವ ಇರಿತ ಎಲ್ಲವೂ ಈ ಗುಂಪಿಗೆ ಸೇರುತ್ತವೆ. 2020ರಲ್ಲಿ ಸೊಂಟನೋವೊಂದರಿಂದಲೇ ಜಗತ್ತಿನ ಸುಮಾರು 61.9 ಕೋಟಿ ಜನ ಬಳಲುತ್ತಿದ್ದರೆಂಬ ಅಂದಾಜಿದೆ. ಕರ್ನಾಟಕಕ್ಕೆ ಈ ಬಗೆಯ ನೋವಿನ ಪಾಠ ಒಮ್ಮೆಲೇ, ಊರಿಗೆ ಊರೇ ಮಲಗುವಷ್ಟು ಗಟ್ಟಿಯಾಗಿ ಸಿಕ್ಕಿದ್ದು 2006ರ ಚಿಕುನ್‌ಗುನ್ಯಾದಲ್ಲಿ. ಜ್ವರ ಕೆಲವೇ ದಿನಗಳಲ್ಲಿ ಇಳಿಯಿತು. ಕೀಲುನೋವು ಮಾತ್ರ ಅನೇಕರನ್ನು ತಿಂಗಳುಗಟ್ಟಲೆ ಕಾಡಿತು. ಬೆಳಗ್ಗೆ ಎದ್ದರೆ ಚೊಂಬು ಹಿಡಿಯಲೂ ಬೆರಳು ಮಡಚುತ್ತಿರಲಿಲ್ಲ. ಪಾವಗಡ, ಬಾಗೇಪಲ್ಲಿಯಂಥ ಕಡೆ ಕೊಳವೆಬಾವಿಯ ಫ್ಲೋರೈಡ್ ನೀರು ವರ್ಷಾನುಗಟ್ಟಲೆ ಮೂಳೆಗೆ ಇಳಿದು ತಂದ ನೋವು ಇದಕ್ಕೂ ಹಳೆಯದು.

ಹೊಸ ನೋವಿಗೂ ಹಳೆಯ ನೋವಿಗೂ ಇರುವ ವ್ಯತ್ಯಾಸ ಬರೀ ದಿನಗಳ ಲೆಕ್ಕವಲ್ಲ. ಕಾಲಿಗೆ ಮುಳ್ಳು ಚುಚ್ಚಿದಾಗ ಹುಟ್ಟುವ ಸಂಕೇತ ನರದ ಮೂಲಕ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಸಾಗುತ್ತದೆ. ಈ ಹಾದಿ ಬರಿಯ ತಂತಿಯಲ್ಲ, ನಡುವೆ ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ. ಮಿದುಳು ಅದನ್ನು ತೆರೆಯಲೂಬಹುದು, ಅರ್ಧ ಮುಚ್ಚಲೂಬಹುದು ಎಂದು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ವಾದಿಸಿದರು. ಏಟು ಬಿದ್ದ ಜಾಗವನ್ನು ಉಜ್ಜಿದರೆ ನೋವು ತುಸು ಇಳಿಯುವುದೇಕೆ ಎಂಬುದಕ್ಕೂ ಇದರಿಂದ ವಿವರಣೆ ಸಿಕ್ಕಿತು. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಇನ್ನೊಂದು ಸಂಗತಿ ತೋರಿಸಿದರು: ನೋವಿನ ಸಂಕೇತ ಬರುತ್ತಲೇ ಇದ್ದರೆ ಬೆನ್ನುಹುರಿಯ ನರಕೋಶಗಳು ತಾವೇ ಸೂಕ್ಷ್ಮವಾಗುತ್ತವೆ. ಜನ ಓಡಾಡಿ ಓಡಾಡಿ ಕಾಲುದಾರಿ ಬಂಡಿಜಾಡಾಗುವ ಹಾಗೆ ನೋವಿನ ಹಾದಿ ಸಲೀಸಾಗುತ್ತದೆ. ಆಮೇಲೆ ಸಣ್ಣ ಒತ್ತಡವೂ ನೋವು, ಕೆಲವರಿಗೆ ಬಟ್ಟೆ ತಾಗಿದರೂ ನೋವು. ಗಾಯ ಮಾಯ್ದಿರುತ್ತದೆ, ಜಾಡು ಉಳಿದಿರುತ್ತದೆ.

ಇಲ್ಲಿಂದಲೇ ರೋಗಿಯ ಎರಡನೆಯ ಕಷ್ಟ ಶುರುವಾಗುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ಮನೆಯವರಿಗೆ ಅದು ನೆಪದಂತೆ ತೋರುತ್ತದೆ. ಕಂಡರೆ ರೋಗಿಗೆ ದಿಗಿಲು. ಎರಡೂ ಪೂರ್ತಿ ಸರಿಯಲ್ಲ. ಯಾವ ನೋವೂ ಇಲ್ಲದವರ ಬೆನ್ನಿನ ಸ್ಕ್ಯಾನ್‌ಗಳನ್ನು ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದಾಗ, 20ರ ವಯಸ್ಸಿನವರಲ್ಲೇ ಶೇ 30ರಷ್ಟು ಜನರಿಗೆ ಡಿಸ್ಕ್ ಉಬ್ಬಿರುವುದು ಕಂಡುಬಂತು; 80ರವರಲ್ಲಿ ಅದು ಶೇ 84. ಅಂದರೆ ವರದಿಯಲ್ಲಿ ‘ಡಿಸ್ಕ್ ಬಲ್ಜ್’ ಎಂದು ಬರೆದಿರುವುದು ಅನೇಕ ಸಲ ತಲೆಕೂದಲು ನರೆತಿದೆ ಎಂದು ಬರೆದಂತೆ. ಆದರೆ ಬೆನ್ನುನೋವಿನ ಜೊತೆ ಕಾಲು ಬಲಗುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಈ ಮಾತು ಸಲ್ಲದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸ್ಕ್ಯಾನ್ ಹೇಳದ್ದನ್ನು ಎಷ್ಟೋ ಸಲ ರೋಗಿಯ ಮಾತೇ ಹೇಳುತ್ತದೆ. ಮೆಲ್ಜಾಕ್ 1975ರಲ್ಲಿ ನೋವನ್ನು ಬಣ್ಣಿಸುವ ಪದಗಳನ್ನು ಕಲೆಹಾಕಿ ಒಂದು ಪ್ರಶ್ನಾವಳಿಯನ್ನೇ ರೂಪಿಸಿದ್ದರು. ಕನ್ನಡಕ್ಕೆ ಆ ಸಂಪತ್ತು ಮೊದಲಿನಿಂದಲೂ ಇದೆ: ಸೆಳೆತ, ಚಳುಕು, ಉಳುಕು, ಸಿಡಿತ, ಇರಿತ, ಉರಿ, ಜೋಮು. ಉರಿ, ಜೋಮು, ಸೂಜಿ ಚುಚ್ಚಿದಂತೆ, ಕರೆಂಟ್ ಹೊಡೆದಂತೆ ಎಂದವರ ನೋವು ಬಹುಪಾಲು ನರದ್ದು. ಅದಕ್ಕೆ ಕೊಡುವ ಮದ್ದು ಬೇರೆ, ಮಾಮೂಲಿ ನೋವಿನ ಮಾತ್ರೆ ಅಲ್ಲಿ ಅಷ್ಟಾಗಿ ನಾಟುವುದಿಲ್ಲ. ‘ಪೇನ್ ಇದೆ ಡಾಕ್ಟ್ರೇ’ ಎಂದಷ್ಟೇ ಹೇಳಿದರೆ ಈ ಸುಳಿವು ಕಳೆದುಹೋಗುತ್ತದೆ.

ಮಾತ್ರೆಗಳ ವಿಚಾರದಲ್ಲಿ ಜನರ ಹೆದರಿಕೆ ವಿಚಿತ್ರವಾಗಿ ಹಂಚಿಹೋಗಿದೆ. ಮಾರ್ಫಿನ್ ಎಂದರೆ ಬೆಚ್ಚಿಬೀಳುವವರು ಮೆಡಿಕಲ್ ಶಾಪಿನಲ್ಲಿ ‘ಒಂದು ನೋವಿನ ಮಾತ್ರೆ ಕೊಡಿ’ ಎಂದು ಕೇಳಿ ವರ್ಷಗಟ್ಟಲೆ ನುಂಗುತ್ತಾರೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್ ಈ ಸಾಲಿನವು. ಆಸ್ಪಿರಿನ್‌ನಂಥ ಔಷಧಗಳು ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳ ತಯಾರಿಕೆಯನ್ನು ತಡೆಯುತ್ತವೆ ಎಂದು 1971ರಲ್ಲಿ ತೋರಿಸಿದ ಜಾನ್ ವೇನ್ 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಬಾವು, ನೋವು ತರುವ ಅದೇ ವಸ್ತುಗಳು ಹೊಟ್ಟೆಯ ಒಳಪದರವನ್ನು ಕಾಯುತ್ತವೆ, ಮೂತ್ರಪಿಂಡಕ್ಕೆ ರಕ್ತ ಹರಿಯಲು ನೆರವಾಗುತ್ತವೆ. ಹೀಗಾಗಿ ನೋವು ಇಳಿಸುವ ಮಾತ್ರೆಯೇ ಹೊಟ್ಟೆಹುಣ್ಣು ತರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ವಯಸ್ಸಾದವರು, ಸಕ್ಕರೆ ಕಾಯಿಲೆ ಮತ್ತು ಬಿಪಿ ಇರುವವರು, ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯುವವರು ಹೆಚ್ಚು ಎಚ್ಚರವಾಗಿರಬೇಕು. ಈ ಔಷಧ ಮೂತ್ರಪಿಂಡವನ್ನು ಏನು ಮಾಡಬಲ್ಲದು ಎಂಬುದಕ್ಕೆ ರಣಹದ್ದುಗಳೇ ಸಾಕ್ಷಿ. ಡೈಕ್ಲೋಫೆನಾಕ್ ಕೊಟ್ಟಿದ್ದ ದನಗಳ ಕಳೇಬರ ತಿಂದು ಭಾರತದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಲುಸಾಲಾಗಿ ಸತ್ತವು. ರಾಮನಗರದ ರಾಮದೇವರಬೆಟ್ಟದಲ್ಲಿ ಉಳಿದವು ಬೆರಳೆಣಿಕೆಯಷ್ಟು. 2006ರಲ್ಲಿ ಸರ್ಕಾರ ಜಾನುವಾರುಗಳಿಗೆ ಆ ಔಷಧ ಕೊಡುವುದನ್ನು ನಿಷೇಧಿಸಿತು. ಮನುಷ್ಯನ ದೇಹ ಹಕ್ಕಿಯಷ್ಟು ಸೂಕ್ಷ್ಮವಲ್ಲ ನಿಜ, ಆದರೆ ಹಕ್ಕಿ ದಿನಾ ಎರಡು ಮಾತ್ರೆ ಕೇಳಿ ಪಡೆಯುತ್ತಿರಲಿಲ್ಲ.

ಇನ್ನೂ ಮೋಸದ್ದು ಮಂಡಿನೋವಿಗೆಂದು ಹೆಸರಿಲ್ಲದ ಪೊಟ್ಟಣಗಳಲ್ಲಿ ಸಿಗುವ ಪುಡಿ, ಗುಳಿಗೆ. ನಾಟಿ ಔಷಧದ ಹೆಸರಿನಲ್ಲಿ ಮಾರುವ ಇಂಥವುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಎರಡೇ ದಿನದಲ್ಲಿ ಮುದುಕರು ಎದ್ದು ಓಡಾಡುತ್ತಾರೆ, ಹಸಿವು ಹೆಚ್ಚುತ್ತದೆ, ಮುಖ ತುಂಬಿಕೊಳ್ಳುತ್ತದೆ. ನೋಡಿದವರು ‘ಮೈ ಕೈ ತುಂಬ್ಕೊಂಡಿದೆ’ ಎನ್ನುತ್ತಾರೆ. ಒಳಗೆ ಸಕ್ಕರೆ ಏರುತ್ತಿರುತ್ತದೆ, ಮೂಳೆ ಸವೆಯುತ್ತಿರುತ್ತದೆ. ಸ್ಟೀರಾಯ್ಡ್ ಹೊರಗಿನಿಂದ ಬರುತ್ತಿದ್ದರೆ ಅಡ್ರೀನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸುತ್ತದೆ. ಆಗ ಪುಡಿ ಒಮ್ಮೆಲೇ ತಪ್ಪಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಔಷಧವಿಲ್ಲದೆ ದೇಹ ನಡೆಯದ ಸ್ಥಿತಿಗೆ ಇದಕ್ಕಿಂತ ಶುದ್ಧ ಉದಾಹರಣೆ ಸಿಗುವುದು ಕಷ್ಟ, ಆದರೂ ಇದನ್ನು ಯಾರೂ ಚಟ ಎನ್ನುವುದಿಲ್ಲ.

ತಲೆನೋವಿನದು ಬೇರೆಯೇ ಸುಳಿ. ತಿಂಗಳಿಗೆ 15 ಅಥವಾ ಹೆಚ್ಚು ದಿನ ಪ್ಯಾರಸಿಟಮಾಲ್‌ನಂಥ ಸಾದಾ ಮಾತ್ರೆಯನ್ನು, ಇಲ್ಲವೇ 10 ಅಥವಾ ಹೆಚ್ಚು ದಿನ ಅರೆತಲೆನೋವಿನ ಮದ್ದಾದ ಟ್ರಿಪ್ಟಾನ್, ಕೊಡೀನ್ ಅಥವಾ ಹಲವು ಔಷಧ ಬೆರೆತ ಮಾತ್ರೆಯನ್ನು ಮೂರು ತಿಂಗಳಿಗೂ ಹೆಚ್ಚು ಕಾಲ ತೆಗೆದುಕೊಂಡವರಿಗೆ ಮಾತ್ರೆಯಿಂದಲೇ ತಲೆನೋವು ಹುಟ್ಟಬಹುದು. ನೋವಿಗೆ ಮಾತ್ರೆ, ಮಾತ್ರೆಗೆ ನೋವು. ಬಿಡಿಸುವಾಗ ಮೊದಲ ಕೆಲವು ದಿನ ತಲೆನೋವು ಜೋರಾಗುತ್ತದೆ, ಅನೇಕರು ಅಲ್ಲೇ ಸೋತು ಮತ್ತೆ ಮಾತ್ರೆಗೆ ಕೈಹಾಕುತ್ತಾರೆ.

ಅಫೀಮಿನಿಂದ ಬಂದ ಮತ್ತು ಅದರಂತೆ ಕೆಲಸ ಮಾಡುವ ಔಷಧಗಳೇ ಓಪಿಯಾಯ್ಡ್‌ಗಳು: ಮಾರ್ಫಿನ್, ಕೊಡೀನ್, ಫೆಂಟನಿಲ್, ಟ್ರಮಡಾಲ್, ಟಪೆಂಟಡಾಲ್. ಮಾರ್ಫಿನ್ ಅನ್ನು 19ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಔಷಧ ತಯಾರಕ ಫ್ರೆಡ್ರಿಕ್ ಸರ್ಟ್ಯೂರ್ನರ್ ಅಫೀಮಿನಿಂದ ಬೇರ್ಪಡಿಸಿದ. ದೇಹವೂ ತನ್ನದೇ ಮಾರ್ಫಿನ್‌ನಂಥ ವಸ್ತುವನ್ನು ಮಾಡಿಕೊಳ್ಳುತ್ತದೆ ಎಂಬುದು ತಿಳಿದದ್ದು 1975ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ.

ಅಮೆರಿಕದಲ್ಲಿ ಈ ಔಷಧಗಳ ಕಥೆ ಒಂದು ತುದಿಗೆ ಹೋಯಿತು. ಆಸ್ಪತ್ರೆಯಲ್ಲಿ ಓಪಿಯಾಯ್ಡ್ ಪಡೆದವರಲ್ಲಿ ಚಟ ಅಪರೂಪ ಎನ್ನುವ ಐದೇ ವಾಕ್ಯಗಳ ಪತ್ರವೊಂದು 1980ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಅದು ದಾಖಲಾಗಿದ್ದ ರೋಗಿಗಳ ಮಾತು, ಮನೆಯಲ್ಲಿ ವರ್ಷಗಟ್ಟಲೆ ನುಂಗುವವರದಲ್ಲ. ಮುಂದೆ 600ಕ್ಕೂ ಹೆಚ್ಚು ಬರಹಗಳು ಅದನ್ನು ಉಲ್ಲೇಖಿಸಿದವು, ಬಹುಪಾಲು ಆ ವ್ಯತ್ಯಾಸ ಹೇಳದೆಯೇ. 1996ರಲ್ಲಿ ಪರ್ಡ್ಯೂ ಫಾರ್ಮಾ ಆಕ್ಸಿಕಾಂಟಿನ್ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಅದರ ಚಟದ ಅಪಾಯ ಕಡಿಮೆ ಎಂದು ತಪ್ಪು ಪ್ರಚಾರ ಮಾಡಿದ ಪ್ರಕರಣದಲ್ಲಿ 2007ರಲ್ಲಿ ಕಂಪನಿ ತಪ್ಪೊಪ್ಪಿಕೊಂಡಿತು. 1999ರಿಂದ 2021ರವರೆಗೆ ಅಲ್ಲಿ ಓಪಿಯಾಯ್ಡ್ ಮಿತಿಮೀರಿ ಸತ್ತವರು ಸುಮಾರು 6.45 ಲಕ್ಷ. ಹೆರಾಯಿನ್, ಕಳ್ಳ ಫೆಂಟನಿಲ್‌ನಿಂದ ಸತ್ತವರೂ ಇದರಲ್ಲಿದ್ದಾರೆ.

ಭಾರತ ಹೋದದ್ದು ಎದುರು ತುದಿಗೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುತ್ತದೆ. ಆದರೆ ಮಾದಕವಸ್ತು ತಡೆಗೆಂದು 1985ರಲ್ಲಿ ಬಂದ ಎನ್‌ಡಿಪಿಎಸ್ ಕಾಯ್ದೆಯ ಕಠಿಣ ಶಿಕ್ಷೆ ಮತ್ತು ಪರವಾನಗಿಗಳ ಸರಮಾಲೆಗೆ ಹೆದರಿ ಆಸ್ಪತ್ರೆಗಳು, ಔಷಧದಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕ್ಯಾನ್ಸರ್ ಮೂಳೆಗೆ ಹರಡಿದವರು ಪ್ಯಾರಸಿಟಮಾಲ್‌ನಲ್ಲೇ ದಿನ ನೂಕಬೇಕಾಯಿತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಜೊತೆಯವರ ದೀರ್ಘ ಪ್ರಯತ್ನದ ಬಳಿಕ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಒಂದೇ ಅನುಮತಿಯಲ್ಲಿ ಮಾರ್ಫಿನ್ ಇಟ್ಟುಕೊಳ್ಳುವಂತಾಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಕರುಣಾಶ್ರಯದಂಥ ಕಡೆ ಕ್ಯಾನ್ಸರ್ ನೋವಿಗೆ ಉಪಶಮನ ಚಿಕಿತ್ಸೆ ಇದೆ. ಅಷ್ಟಾದರೂ ‘ಮಾರ್ಫಿನ್ ಕೊಟ್ಟರೆ ಇನ್ನು ಮುಗೀತು ಅಂತಲೇ’ ಎಂದು ಬೇಡವೆನ್ನುವ ಮನೆಗಳು ಈಗಲೂ ಇವೆ. ಆ ಹೆದರಿಕೆಯ ಬೆಲೆ ತೆರುವುದು ಮಂಚದ ಮೇಲಿರುವವರು.

ಕ್ಯಾನ್ಸರ್ ನೋವಿನ ಈ ಮಾತನ್ನು ಸೊಂಟನೋವಿಗೆ ಒಯ್ಯಲಾಗದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆ ವ್ಯವಸ್ಥೆಯೊಂದರಲ್ಲಿ ಸೊಂಟ, ಸೊಂಟದ ಕೀಲು ಇಲ್ಲವೇ ಮಂಡಿ ನೋಯುತ್ತಿದ್ದ 240 ರೋಗಿಗಳನ್ನು ಒಂದು ವರ್ಷ ಗಮನಿಸಿದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಓಪಿಯಾಯ್ಡ್ ಪಡೆದವರ ಓಡಾಟ, ಕೆಲಸ ಇತರ ಔಷಧ ಪಡೆದವರಿಗಿಂತ ಹೆಚ್ಚು ಸುಧಾರಿಸಲಿಲ್ಲ. ಅಡ್ಡಪರಿಣಾಮ ಮಾತ್ರ ಹೆಚ್ಚಿತ್ತು. ಮೊದಮೊದಲು ಮಾಡುವ ಕೆಲಸವನ್ನು ಈ ಮಾತ್ರೆಗಳು ಕಾಲ ಕಳೆದಂತೆ ಮಾಡುವುದಿಲ್ಲ, ಕೆಲವರಲ್ಲಿ ನೋವಿನ ಸೂಕ್ಷ್ಮತೆಯನ್ನೇ ಹೆಚ್ಚಿಸುತ್ತವೆ. ಭಾರತದಲ್ಲಿ ಸಾಮಾನ್ಯ ನೋವಿಗೆ ಹೆಚ್ಚು ಬರೆದುಕೊಡುವ ಓಪಿಯಾಯ್ಡ್ ಟ್ರಮಡಾಲ್. ಅದನ್ನು 2018ರಲ್ಲಿ ಎನ್‌ಡಿಪಿಎಸ್ ಕಾಯ್ದೆಯಡಿ ತರಲಾಯಿತು. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವಯಸ್ಸಿನವರಲ್ಲಿ ಸುಮಾರು ಶೇ 1ರಷ್ಟು ಜನ ಓಪಿಯಾಯ್ಡ್ ಗುಂಪಿನ ಔಷಧಗಳನ್ನು ಮತ್ತಿಗಾಗಿ ಬಳಸುತ್ತಿದ್ದರು.

‘ಅಭ್ಯಾಸ ಆಗ್ಬಿಡುತ್ತೆ’ ಎಂಬ ಒಂದೇ ಮಾತಿನಲ್ಲಿ ಕನ್ನಡಿಗರು ಮೂರು ಬೇರೆ ಸಂಗತಿಗಳನ್ನು ಹೇಳಿಬಿಡುತ್ತಾರೆ. ಮೊದಲಿನ ಪ್ರಮಾಣ ಸಾಲದೆ ಹೋಗುವುದು ಒಂದು; ದೇಹ ಔಷಧಕ್ಕೆ ಒಗ್ಗಿದೆ ಅಷ್ಟೆ. ಒಮ್ಮೆಲೇ ನಿಲ್ಲಿಸಿದರೆ ಆಕಳಿಕೆ, ಮೂಗು ಸೋರುವಿಕೆ, ಬೆವರು, ಭೇದಿ, ಮೈ ನವಿರೇಳುವುದು, ನಿದ್ದೆಗೇಡು ಕಾಣಿಸಿಕೊಳ್ಳುವುದು ಎರಡನೆಯದು, ದೈಹಿಕ ಅವಲಂಬನೆ. ಕೆಲವು ಬಿಪಿ ಮಾತ್ರೆಗಳನ್ನು ತಟ್ಟನೆ ಬಿಟ್ಟರೂ ಬಿಪಿ ಚಿಮ್ಮುತ್ತದೆ, ಅದಕ್ಕೆ ಯಾರೂ ನಾಚುವುದಿಲ್ಲ. ನೋವು ಇರಲಿ ಬಿಡಲಿ ಮಾತ್ರೆಯ ಹಂಬಲ ತಡೆಯಲಾಗದೆ, ಹಾನಿ ಕಂಡರೂ ಬಿಡಲಾಗದೆ, ಕದ್ದು ಮುಚ್ಚಿ ಹೆಚ್ಚಿಸುವುದು ಮೂರನೆಯದು. ಚಟ ಎನ್ನಬೇಕಾದ್ದು ಇದನ್ನು ಮಾತ್ರ. ದೀರ್ಘಕಾಲದ ನೋವಿಗೆ ಓಪಿಯಾಯ್ಡ್ ಪಡೆಯುವವರಲ್ಲಿ ಸರಾಸರಿ ಶೇ 8ರಿಂದ 12ರಷ್ಟು ಜನ ಈ ಹಂತಕ್ಕೆ ಹೋಗುತ್ತಾರೆಂದು 2015ರ ಅಧ್ಯಯನ ವಿಮರ್ಶೆ ಹೇಳಿತು. ತಳ್ಳಿಹಾಕುವಷ್ಟು ಸಣ್ಣದಲ್ಲ, ಎಲ್ಲರನ್ನೂ ಅನುಮಾನಿಸುವಷ್ಟು ದೊಡ್ಡದೂ ಅಲ್ಲ. ಗುರುತಿಸುವ ಬಗೆ ಕಷ್ಟದ್ದಲ್ಲ: ಔಷಧದಿಂದ ದಿನಚರಿ ಹಿಗ್ಗಿದೆಯೋ ಕುಗ್ಗಿದೆಯೋ ನೋಡುವುದು. ಮಾತ್ರೆ ನುಂಗಿ ತೋಟಕ್ಕೆ ಹೋಗುವವನದು ಒಂದು ಸ್ಥಿತಿ, ನುಂಗಿ ಮಲಗುವವನದು ಇನ್ನೊಂದು.

ಬಿಡಿಸುವುದಕ್ಕೆ ಅವಸರ ಕೂಡದು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಓಪಿಯಾಯ್ಡ್ ತೆಗೆದುಕೊಂಡವರಲ್ಲಿ ತಿಂಗಳಿಗೆ ಶೇ 10ರಷ್ಟು ಅಥವಾ ಅದಕ್ಕಿಂತ ನಿಧಾನವಾಗಿ ಇಳಿಸುವುದನ್ನು ಹೆಚ್ಚು ಜನ ತಡೆದುಕೊಳ್ಳುತ್ತಾರೆ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2022ರ ಮಾರ್ಗಸೂಚಿ. ಅಲ್ಲಿ ವೈದ್ಯರು ಔಷಧವನ್ನು ಒಮ್ಮೆಲೇ ನಿಲ್ಲಿಸಿದಾಗ ರೋಗಿಗಳು ತೀವ್ರ ಸಂಕಟಕ್ಕೆ, ಆತ್ಮಹತ್ಯೆಯ ಯೋಚನೆಗೂ ಬಿದ್ದದ್ದರಿಂದ 2019ರಲ್ಲೇ ಸರ್ಕಾರ ಎಚ್ಚರಿಕೆ ಕೊಡಬೇಕಾಯಿತು.

ನರದ ನೋವಿಗೆ ಅಮಿಟ್ರಿಪ್ಟಿಲಿನ್, ಡ್ಯುಲೋಕ್ಸೆಟಿನ್ ಕೊಡುವುದುಂಟು. ಇವು ಖಿನ್ನತೆಯ ಔಷಧಗಳೆಂದು ಗೂಗಲ್‌ನಲ್ಲಿ ಓದಿದ ರೋಗಿ ‘ನನಗೇನು ತಲೆ ಕೆಟ್ಟಿದೆಯಾ’ ಎಂದು ಚೀಟಿ ಹರಿಯುವುದೂ ಉಂಟು. ಮಿದುಳಿನಿಂದ ಬೆನ್ನುಹುರಿಗೆ ಇಳಿದು ನೋವನ್ನು ತಡೆಯುವ ಹಾದಿಗೆ ಇವು ಬಲ ಕೊಡುತ್ತವೆ. ಅಮಿಟ್ರಿಪ್ಟಿಲಿನ್ ಅನ್ನು ನೋವಿಗೆ ಕೊಡುವ ಪ್ರಮಾಣವೂ ಖಿನ್ನತೆಗೆ ಕೊಡುವುದಕ್ಕಿಂತ ಕಡಿಮೆ. ಗ್ಯಾಬಪೆಂಟಿನ್, ಪ್ರೆಗಾಬಲಿನ್ ಇನ್ನೊಂದು ಬಗೆ. ಇವಕ್ಕೂ ದೇಹ ಒಗ್ಗುತ್ತದೆ, ಇವನ್ನೂ ಹಂತಹಂತವಾಗಿ ಬಿಡಬೇಕು.

ಯಾವ ಮಾತ್ರೆಯಿಂದಲೂ ಹಳೆಯ ನೋವು ಸೊನ್ನೆಗೆ ಬರುವುದು ಅಪರೂಪ. ಮೂರರಲ್ಲಿ ಒಂದು ಪಾಲು ಇಳಿದರೆ ವೈದ್ಯರು ಅದನ್ನು ಒಳ್ಳೆಯ ಫಲ ಎಂದೇ ಎಣಿಸುತ್ತಾರೆ. ಉಳಿದದ್ದು ದಿನಚರಿಯ ಕೆಲಸ. ನೋವು ಕಡಿಮೆಯಿದ್ದ ದಿನ ಹಬ್ಬಕ್ಕೆಂದು ಮನೆಯೆಲ್ಲ ತೊಳೆದು, ಮುಂದಿನ ಮೂರು ದಿನ ಹಾಸಿಗೆ ಹಿಡಿಯುವುದು ಬಹುಪಾಲು ಹೆಂಗಸರು ಬಲ್ಲ ಪಾಡು. ಫಿಸಿಯೊಥೆರಪಿಯವರು ಹೇಳುವುದು ಇದರ ತಿರುವುಮುರುವು: ಒಳ್ಳೆಯ ದಿನವೂ ಇಪ್ಪತ್ತೇ ನಿಮಿಷ, ಕೆಟ್ಟ ದಿನವೂ ಹತ್ತು ನಿಮಿಷ, ವಾರಕ್ಕಿಷ್ಟು ಏರಿಸುತ್ತ ಹೋಗುವುದು. ಸೊಂಟನೋವಿಗೆ ತಿಂಗಳುಗಟ್ಟಲೆ ಮಲಗಿಸುತ್ತಿದ್ದ ಪದ್ಧತಿ ಈಗಿಲ್ಲ. ನಡಿಗೆ, ಸ್ನಾಯು ಬಲಪಡಿಸುವ ವ್ಯಾಯಾಮ, ಯೋಗ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಗುಣವಿದೆ, ನಿಲ್ಲಿಸದೆ ಮಾಡಿದರೆ. ನಿದ್ದೆ ಕೆಟ್ಟರೆ ಮರುದಿನದ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ನಿದ್ದೆ ಕೆಡುತ್ತದೆ. ಹಾಗಾಗಿ ನಿದ್ದೆಗೆ ಮಾಡುವ ಚಿಕಿತ್ಸೆಯೂ ನೋವಿನ ಚಿಕಿತ್ಸೆಯೇ. ನೋವಿನ ಕುರಿತ ಭಯವನ್ನು ಮಾತುಕತೆಯ ಮೂಲಕ ಸಡಿಲಿಸುವ ಮನೋಚಿಕಿತ್ಸೆಗೂ ಸಾಧಾರಣ ಮಟ್ಟದ ಫಲ ಕಂಡಿದೆ.

ದೊಡ್ಡ ಆಸ್ಪತ್ರೆಗಳಲ್ಲಿ ಅರಿವಳಿಕೆ ವೈದ್ಯರೇ ನೋವಿನ ಕ್ಲಿನಿಕ್ ನಡೆಸುವುದುಂಟು. ಮಾತ್ರೆ ಕೈಮೀರಿದೆ ಎನಿಸಿದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ, ಹೆಸರಿಲ್ಲದ ಪುಡಿಯ ಪೊಟ್ಟಣವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗುವುದು ಲೇಸು. ಓಪಿಯಾಯ್ಡ್ ಜೊತೆ ಮದ್ಯ ಅಥವಾ ನಿದ್ದೆಮಾತ್ರೆ ಸೇರಿದರೆ ಉಸಿರೇ ನಿಧಾನವಾಗುವ ಅಪಾಯವಿರುವುದರಿಂದ, ಆ ಎರಡರ ವಿಷಯವನ್ನೂ ವೈದ್ಯರಿಂದ ಮುಚ್ಚಿಡಬಾರದು.