ಯಂತ್ರಪ್ರಿಯ ಸುಲ್ತಾನ

ಹೊಸ ಯಂತ್ರವೊಂದು ಬಂದಿತೆಂದರೆ ಅದು ತನಗೂ ಬೇಕೆಂಬ ಹಂಬಲ ಇಂದಿನ ಮೊಬೈಲ್‌ಪ್ರಿಯರಿಗೆ ಮಾತ್ರ ಮೀಸಲಲ್ಲ. ಇನ್ನೂರು ವರ್ಷಗಳಿಗೂ ಹಿಂದೆ ಶ್ರೀರಂಗಪಟ್ಟಣದ ಅರಮನೆಯಲ್ಲಿಯೇ ಅಂತಹ ಹವ್ಯಾಸಿಯೊಬ್ಬನಿದ್ದನು. ಆತನೇ ಟಿಪ್ಪು ಸುಲ್ತಾನ.

ವಾಯುಭಾರಮಾಪಕದ ಪಾದರಸ ಹಳತಾಗಿ ಏರಿಳಿಯುತ್ತಿಲ್ಲವೆಂದು ಪಾಂಡಿಚೇರಿಯ ಫ್ರೆಂಚ್ ಗವರ್ನರನಿಗೆ ಬರೆದು ಹೊಸದನ್ನು ಬಯಸಿದವನು ಆತ. 1788ರಲ್ಲಿ ಹದಿನಾರನೆಯ ಲೂಯಿಯನ್ನು ಕಂಡ ಅವನ ರಾಯಭಾರಿಗಳು ಸೈನ್ಯದ ನೆರವಿನೊಡನೆ ಕುಶಲಕರ್ಮಿಗಳನ್ನೂ ಕೇಳಿದರು. ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಹುಕಾಲ ಉಳಿದಿತ್ತು.

ಅವನ ಯಂತ್ರಗಳಲ್ಲೆಲ್ಲ ಹೆಸರಾದುದು, ಐರೋಪ್ಯನೊಬ್ಬನ ಮೇಲೆರಗಿದ ಮರದ ಹುಲಿ. ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳ ಗಾಳಿಯಿಂದ ಹುಲಿ ಗುರುಗುಟ್ಟುವುದು. ಕೆಳಗೆ ಬಿದ್ದವನು ಕೈಯೆತ್ತಿ ನರಳುವನು. ಹುಲಿಯ ಒಡಲಲ್ಲಿ 18 ಸ್ವರಗಳ ಆರ್ಗನ್ ವಾದ್ಯವೂ ಉಂಟು.

ಆದರೆ ಇಷ್ಟೆಲ್ಲ ಯಂತ್ರಗಳಿದ್ದರೂ ಕೋಟೆ ಉಳಿಯಲಿಲ್ಲ. 1799ರ ಮೇ 4ರಂದು ಪಟ್ಟಣ ಶತ್ರುವಶವಾಯಿತು, ಸುಲ್ತಾನನು ಮಡಿದನು. ಹುಲಿ ಹಡಗೇರಿ ಲಂಡನ್ನಿಗೆ ಹೋಯಿತು. ಇಂದಿಗೂ ಅಲ್ಲಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಮೈಸೂರಿನ ಕಬ್ಬಿಣದ ಕೊಳವೆಯ ಅಗ್ನಿಬಾಣಗಳೂ ಇಂಗ್ಲೆಂಡನ್ನು ಸೇರಿದವು. ಅವುಗಳ ಮಾದರಿಯನ್ನು ಬೆಳೆಸಿ ವಿಲಿಯಂ ಕಾಂಗ್ರೀವನು ರೂಪಿಸಿದ ರಾಕೆಟ್ಟುಗಳನ್ನು 1806ರಲ್ಲಿ ಬ್ರಿಟಿಷರು ಫ್ರಾನ್ಸಿನ ಬೂಲೋನ್ ಬಂದರಿನ ಮೇಲೆ ಸುರಿದರು.

ಅರಸನು ಅಳಿದನು, ಅವನು ಬೆಳೆಸಿದ ವಿದ್ಯೆ ಅಳಿಯದೆ, ಗೆದ್ದವರ ಕೈಸೇರಿತು.