ಮುದಿ ಗಣಕದ ಉಪಾಧ್ಯಾಯವೃತ್ತಿ

ಹಳತಾದ ಗಣಕಯಂತ್ರಕ್ಕೆ ಎರಡನೆಯ ಬಾಳು ಉಂಟೇ? ಇಂಗ್ಲೆಂಡಿನ ಹಾರ್ವೆಲ್ ಪರಮಾಣು ಸಂಶೋಧನಾಲಯದಲ್ಲಿ 1951ರಲ್ಲಿ ಲೆಕ್ಕಕ್ಕೆ ತೊಡಗಿದ ಡೆಕಟ್ರಾನ್ ಗಣಕವು ಒಂದು ಗುಣಾಕಾರಕ್ಕೆ 5ರಿಂದ 10 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 1957ರ ವೇಳೆಗೆ ಅದಕ್ಕಿಂತ ಚುರುಕಾದ ಯಂತ್ರಗಳು ಬಂದಿದ್ದುವು. ಆದರೂ ಹಾರ್ವೆಲ್ಲಿನವರು ಅದನ್ನು ಗುಜರಿಗೆ ಹಾಕಲಿಲ್ಲ. ಅತ್ಯುತ್ತಮವಾಗಿ ಬಳಸಬಲ್ಲ ವಿದ್ಯಾಸಂಸ್ಥೆಗೆ ಕೊಡುವೆವೆಂದು ಸ್ಪರ್ಧೆಯೊಂದನ್ನು ಏರ್ಪಡಿಸಿದರು. ಗೆದ್ದುದು ವುಲ್ವರ್‌ಹ್ಯಾಂಪ್ಟನ್ನಿನ ತಾಂತ್ರಿಕ ಕಾಲೇಜು.

ಅಲ್ಲಿ 1973ರವರೆಗೆ ಅದು ಪಾಠ ಹೇಳಿತು. ಅದರ ಕೊಳವೆಗಳಲ್ಲಿ ಅಂಕಿಗಳು ಬೆಳಕಿನ ಚುಕ್ಕೆಗಳಾಗಿ ಮೆಲ್ಲಗೆ ಸರಿಯುತ್ತಿದ್ದುವು. ಲೆಕ್ಕವು ನಡೆಯುವ ಬಗೆಯನ್ನು ವಿದ್ಯಾರ್ಥಿಯು ಕಣ್ಣಾರೆ ಕಾಣಬಹುದಿತ್ತು. ವಿಜ್ಞಾನಿಗೆ ದೋಷವೆನಿಸಿದ ನಿಧಾನವೇ ಗುರುವಿಗೆ ಗುಣವಾಯಿತು. 2012ರಲ್ಲಿ ಜೀರ್ಣೋದ್ಧಾರಗೊಂಡ ಆ ಯಂತ್ರವು ಬ್ಲೆಚ್ಲಿ ಪಾರ್ಕಿನ ಗಣಕ ವಸ್ತುಸಂಗ್ರಹಾಲಯದಲ್ಲಿ, ನೋಡಬಂದವರೆದುರು, ಮತ್ತೆ ತನ್ನ ಮಂದಗತಿಯಲ್ಲಿಯೇ ಎಣಿಸತೊಡಗಿತು.