ಗಿರಿಯಿಂದ ಬೆಂಗಳೂರಿಗೆ ಮನೆ ಸಾಗಿಸುವ ಲೆಕ್ಕ

ಅರೇಬಿಕಾ ಹಣ್ಣು ಕೊಯ್ದು, ರೋಬಸ್ಟಾ ಕೂಡ ಮುಗಿಯುತ್ತಾ ಬಂದು, ಕೈಯಲ್ಲಿ ನಾಲ್ಕು ಕಾಸು ಕಾಣುವ ಹೊತ್ತಿಗೆ ಮೂಡಿಗೆರೆ, ಕಳಸ, ಆಲ್ದೂರು ಕಡೆಯ ಎಷ್ಟೋ ಮನೆಗಳಲ್ಲಿ ಒಂದೇ ಮಾತು: ಈ ಜೂನ್‌ಗೆ ಬೆಂಗಳೂರಿಗೆ ಹೋಗಿಬಿಡೋಣವೇ? ಮಗಳ ಕಾಲೇಜು, ಮಗನ ಕೆಲಸ, ಅಜ್ಜಿಯ ಡಯಾಲಿಸಿಸ್, ಕಾರಣ ಏನೇ ಇರಲಿ, ಮೊದಲು ಕೇಳುವ ಪ್ರಶ್ನೆ ಮಾತ್ರ ಒಂದೇ. ಲಾರಿಗೆ ಎಷ್ಟಾಗುತ್ತೆ?

ನಿಜ ಹೇಳಬೇಕೆಂದರೆ, ಇಡೀ ಖರ್ಚಿನಲ್ಲಿ ಲಾರಿಯದು ಸಣ್ಣ ಪಾಲು. ಒಂದು ಉದಾಹರಣೆ ಹಿಡಿಯೋಣ. ತಿಂಗಳಿಗೆ 15,000 ರೂಪಾಯಿ ಬಾಡಿಗೆಯ ಮನೆ ಎಂದಿಟ್ಟುಕೊಳ್ಳಿ. ಆರು ತಿಂಗಳ ಅಡ್ವಾನ್ಸ್ ಕೇಳಿದರೆ 90,000. ಮೊದಲ ತಿಂಗಳ ಬಾಡಿಗೆ 15,000. ಬ್ರೋಕರ್ ಮೂಲಕ ಹೋದರೆ ಅವರಿಗೆ ಒಂದು ತಿಂಗಳ ಬಾಡಿಗೆ, ಮತ್ತೆ 15,000. ಒಂದು ಪಾತ್ರೆಯೂ ಮನೆಯಿಂದ ಹೊರಬೀಳುವ ಮೊದಲೇ 1,20,000 ಹೋಯಿತು. ಸಾಗಣೆ, ಹಮಾಲಿ, ಪ್ಯಾಕಿಂಗ್‌ಗೆ ಒಂದು 20,000. ಗೀಸರ್, ನೀರಿನ ಫಿಲ್ಟರ್, ಕಿಟಕಿ ಪರದೆ, ಗ್ಯಾಸ್ ಎಂದು ಇನ್ನೊಂದು 20,000. ಒಟ್ಟು 1,60,000. ಇದರ ಮೇಲೆ ಮೂರು ತಿಂಗಳ ಮನೆಖರ್ಚನ್ನು ಬೇರೆಯಾಗಿ ಎತ್ತಿಡಿ.

ಆ ಮೂರು ತಿಂಗಳ ಮಾತು ಸುಮ್ಮನೆ ಹೇಳಿದ್ದಲ್ಲ. ನಮ್ಮ ಕಡೆ ದುಡ್ಡು ಬರುವುದು ವರ್ಷಕ್ಕೊಂದು ಸಲ, ಕಾಫಿ ಮತ್ತು ಮೆಣಸಿಗೆ. ಅಲ್ಲಿಯವರೆಗೆ ಅಂಗಡಿಯಲ್ಲಿ ಬರೆಸಿ ತರುತ್ತೇವೆ, ತೆಂಗು, ಬಾಳೆ, ಸೊಪ್ಪು ತೋಟದಲ್ಲೇ ಸಿಗುತ್ತದೆ, ಸೌದೆಗೆ ದುಡ್ಡು ಕೊಟ್ಟವರು ಕಡಿಮೆ. ಬೆಂಗಳೂರಿನಲ್ಲಿ ಎಲ್ಲವೂ ತಿಂಗಳ ಲೆಕ್ಕ. ಐದನೇ ತಾರೀಖಿನೊಳಗೆ ಬಾಡಿಗೆ, ಕರೆಂಟು, ನೀರು, ಹಾಲು. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದರೆ ಟ್ಯಾಂಕರ್ ನೀರಿಗೆ ಪಾಲು ಬೇರೆ. 2024ರ ಬೇಸಿಗೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಫೆಬ್ರವರಿಯಲ್ಲಿ ಕಾಫಿ ಮಾರಿದ ದಿನವೇ ಸಾಗಣೆಯ ಹಣವನ್ನು ಬೇರೆ ಖಾತೆಗೆ ಹಾಕಿ. ಹಳೆಯ ಖಾತೆಯಲ್ಲೇ ಉಳಿದರೆ ಗೊಬ್ಬರ, ಮದುವೆ, ಪಂಪ್‌ಸೆಟ್ ರಿಪೇರಿ ಎಂದು ಏಪ್ರಿಲ್ ಬರುವಷ್ಟರಲ್ಲಿ ಕರಗಿರುತ್ತದೆ.

ಅಡ್ವಾನ್ಸ್ ಎಷ್ಟು ಎಂಬುದು ಮಾತುಕತೆಯ ವಿಷಯ. ಹಿಂದೆ ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಕೇಳುವುದೇ ರೂಢಿಯಾಗಿತ್ತು. ಈಗ ಐದಾರು ತಿಂಗಳಿಗೆ ಒಪ್ಪುವವರೂ ಸಿಗುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳು ಸಾಕು ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಒಪ್ಪಿ ಜಾರಿ ಮಾಡದೆ ಮಾಲೀಕರ ಮೇಲೆ ನಡೆಯುವುದಿಲ್ಲ. ಚೌಕಾಸಿಗೆ ಉಪಯೋಗಕ್ಕೆ ಬರಬಹುದು, ಅಷ್ಟೇ. ಕರಾರುಪತ್ರ ಸಾಮಾನ್ಯವಾಗಿ 11 ತಿಂಗಳಿಗೆ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ ಎಂಬ ಕಾರಣಕ್ಕೆ ಈ 11 ಹುಟ್ಟಿದ್ದು. ಸಹಿ ಹಾಕುವ ಮುಂಚೆ ಎರಡು ಸಾಲು ಓದಿ: ಮನೆ ಬಿಡಲು ಎಷ್ಟು ತಿಂಗಳ ನೋಟಿಸ್ ಕೊಡಬೇಕು, ಬಿಡುವಾಗ ಬಣ್ಣದ ಬಾಬ್ತು ಎಷ್ಟು ಹಿಡಿಯುತ್ತಾರೆ. ಹಲವರು ಒಂದು ತಿಂಗಳ ಬಾಡಿಗೆಯನ್ನೇ ಬಣ್ಣಕ್ಕೆಂದು ಮುರಿದುಕೊಳ್ಳುತ್ತಾರೆ. ಅಂದರೆ ಕೊಟ್ಟ 90,000 ಪೂರ್ತಿ ವಾಪಸ್ ಬರುವುದಿಲ್ಲ ಎಂದೇ ಎಣಿಸಿಕೊಳ್ಳಿ.

ಕೈಯಲ್ಲಿ ದೊಡ್ಡ ಮೊತ್ತ ಇರುವವರ ಮುಂದೆ ಬ್ರೋಕರ್ ಇನ್ನೊಂದು ದಾರಿ ಇಡುತ್ತಾರೆ. ಅದು ಲೀಸ್, ಅಂದರೆ ಭೋಗ್ಯ. ಒಂದೇ ಸಲ ಕೆಲವು ಲಕ್ಷ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆ ಇಲ್ಲ, ಬಿಡುವಾಗ ಹಣ ವಾಪಸ್. ತಿಂಗಳ ಸಂಬಳ ಇಲ್ಲದ ಬೆಳೆಗಾರರಿಗೆ ಇದು ಹೇಳಿ ಮಾಡಿಸಿದಂತೆ ಕಾಣುತ್ತದೆ. ಇಲ್ಲಿಯೇ ಜಾಗ್ರತೆ ಬೇಕು. ಮಾಲೀಕರು ಆ ಮನೆಯ ಮೇಲೆ ಬ್ಯಾಂಕ್ ಸಾಲ ಮಾಡಿ ಕಟ್ಟದೆ ಹೋದರೆ ಬ್ಯಾಂಕಿನವರು ಮನೆಗೇ ಬರುತ್ತಾರೆ, ನಿಮ್ಮ ಲಕ್ಷಗಳು ಮಾಲೀಕರ ಜೇಬಿನಲ್ಲಿ ಎಲ್ಲೋ ಇರುತ್ತವೆ. ಹಾಗಾಗಿ ಕಾವೇರಿ ಆನ್‌ಲೈನ್ ಪೋರ್ಟಲ್‌ನಲ್ಲಿ ಆ ಆಸ್ತಿಯ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ. ಖಾತೆ ಯಾರ ಹೆಸರಲ್ಲಿದೆ ನೋಡಿ. ಮೂಲ ಕ್ರಯಪತ್ರ ತೋರಿಸಿ ಎಂದು ಕೇಳಿ. "ಅದು ಬ್ಯಾಂಕಲ್ಲಿದೆ" ಎಂಬ ಉತ್ತರ ಬಂದರೆ ಸಾಲ ಇದೆ ಎಂದೇ ಅರ್ಥ. ಎಲ್ಲ ಸರಿಯಿದ್ದರೂ ಬರೀ ಸ್ಟಾಂಪ್ ಪೇಪರ್‌ಗೆ ತೃಪ್ತರಾಗಬೇಡಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ನೋಂದಣಿ ಬೇಡ ಎಂದು ಮಾಲೀಕರು ಹಟ ಹಿಡಿದರೆ ಆ ಮನೆ ಬಿಡುವುದೇ ಮೇಲು. ನನ್ನನ್ನು ಕೇಳಿದರೆ ಮೊದಲ ವರ್ಷ ಬಾಡಿಗೆಯೇ ಸಾಕು. ಊರು, ಏರಿಯಾ, ಕಾಲೇಜಿನ ದೂರ ತಿಳಿದ ಮೇಲೆ ಭೋಗ್ಯದ ಯೋಚನೆ ಮಾಡಬಹುದು.

ಮನೆ ಹುಡುಕಲು ಓಡಾಟ ಇದ್ದೇ ಇರುತ್ತದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಮನೆ ನೋಡಲು ಗಂಡಸರು ಹೋಗಿ ಒಪ್ಪಿ ಬಂದು, ಆಮೇಲೆ ಅಡುಗೆಮನೆ ನೋಡಿ ಹೆಂಗಸರು ಬೇಸರಪಡುವುದಕ್ಕಿಂತ, ಮೊದಲೇ ಅವರು ಹೋಗಿ ನೋಡುವುದು ಎಲ್ಲ ಲೆಕ್ಕದಲ್ಲೂ ಅಗ್ಗ.

ಈಗ ಲಾರಿಗೆ ಬರೋಣ. ಮೂಡಿಗೆರೆಯಿಂದ ಬೇಲೂರು, ಹಾಸನ, ನೆಲಮಂಗಲದ ಮೇಲೆ ಬೆಂಗಳೂರು ಸುಮಾರು 250 ಕಿ.ಮೀ. ಕಳಸದಿಂದ ಸುಮಾರು 320. ವಾಹನದವರು ಹೋಗಿ ಬರುವ ಎರಡೂ ದಾರಿಯ ಲೆಕ್ಕ ಹಾಕುತ್ತಾರೆ ಎಂಬುದನ್ನು ಮರೆಯಬೇಡಿ. ಕಿ.ಮೀ.ಗೆ 25 ರೂಪಾಯಿ ಎಂದು ಒಪ್ಪಿದರೆ ಮೂಡಿಗೆರೆಯಿಂದ 12,500, ಕಳಸದಿಂದ 16,000 ಆಗುತ್ತದೆ. ಟೋಲ್, ಡ್ರೈವರ್ ಬತ್ತೆ, ಹಮಾಲಿ ಸೇರಿದೆಯೇ ಎಂದು ಆಗಲೇ ಕೇಳಿ ಬರೆಸಿಕೊಳ್ಳಿ. ಕಡಿಮೆಗೆ ಬೇಕೆಂದರೆ ವಾಪಸ್ ಬಾಡಿಗೆ ಹಿಡಿಯಬೇಕು. ಬೆಂಗಳೂರಿನಿಂದ ಸಿಮೆಂಟು, ಟೈಲ್ಸ್, ಪೀಠೋಪಕರಣ ತಂದು ಇಳಿಸಿದ ಗಾಡಿ ಖಾಲಿ ಹೋಗುವುದಕ್ಕಿಂತ ಕಡಿಮೆಗಾದರೂ ಸಾಮಾನು ಹಾಕಿಕೊಳ್ಳುತ್ತದೆ. ಪೇಟೆಯ ಹಾರ್ಡ್‌ವೇರ್ ಅಂಗಡಿಯವರಿಗೆ ಒಂದು ವಾರ ಮುಂಚೆ ಹೇಳಿಟ್ಟರೆ ಅಂಥ ಗಾಡಿ ಸಿಗುವುದುಂಟು. ದಿನ ಮಾತ್ರ ಅವರು ಹೇಳಿದ್ದೇ ದಿನ.

ತೋಟದೊಳಗಿನ ಮನೆಯಾದರೆ ಇನ್ನೊಂದು ತೊಡಕು. ಕ್ಯಾಂಟರ್ ಗೇಟಿನವರೆಗೆ ಬರಬಹುದು, ಅಂಗಳದವರೆಗೆ ಬರುವುದಿಲ್ಲ. ಏರಿನ ಮಣ್ಣುರಸ್ತೆಯಲ್ಲಿ ಜೀಪಿಗೋ ಪಿಕಪ್‌ಗೋ ಹಾಕಿ ಟಾರ್ ರಸ್ತೆಗೆ ತಂದು ಮತ್ತೆ ಲೋಡ್ ಮಾಡಬೇಕು. ಹಮಾಲಿ ಎರಡು ಸಲ. ಇದಕ್ಕೇ ಏಪ್ರಿಲ್ ಕೊನೆ ಅಥವಾ ಮೇ ಮೊದಲ ಭಾಗ ಒಳ್ಳೆಯದು. ಜೂನ್ ಆದರೆ ಮಣ್ಣು ಜಾರುತ್ತದೆ, ಹಾಸಿಗೆ ನೆನೆಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಯಾವ ತಿರುವಿನಲ್ಲಿ ಮರ ಬಿದ್ದಿದೆಯೋ ಹೇಳಲಾಗದು. ಬೇಸಿಗೆಯಲ್ಲೂ ಟಾರ್ಪಾಲ್ ಇರಲಿ, ಹೂಮಳೆ ಮುಗಿದ ಮೇಲೂ ಗುಡುಗು ಮಳೆ ಹೇಳದೆ ಬರುತ್ತದೆ. ಬೆಂಗಳೂರಿನೊಳಗೆ ಹಗಲಿನ ಟ್ರಾಫಿಕ್ ಹೊತ್ತಿನಲ್ಲಿ ದೊಡ್ಡ ಗಾಡಿಗಳಿಗೆ ನಿರ್ಬಂಧ ಇದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನು ಏರಿಸಲು ಗೊತ್ತಾದ ವೇಳೆ, ಲಿಫ್ಟಿಗೆ ಶುಲ್ಕ ಕೂಡ ಇರಬಹುದು. ರಾತ್ರಿ ಹೊರಟು ಬೆಳಗಿನ ಜಾವ ತಲುಪುವುದೇ ವಾಡಿಕೆ.

ಪ್ಯಾಕರ್ಸ್ ಅಂಡ್ ಮೂವರ್ಸ್, ಅಂದರೆ ಕಟ್ಟಿ ಸಾಗಿಸಿ ಇಳಿಸಿಕೊಡುವ ಕಂಪನಿಯವರು ಬೇಕೇ? ಫ್ರಿಜ್, ಗಾಜಿನ ಬೀರು, ವಯಸ್ಸಾದವರು ಇದ್ದರೆ ಅನುಕೂಲ. ಆದರೆ ಫೋನಿನಲ್ಲಿ ತೀರಾ ಕಡಿಮೆ ದರ ಹೇಳಿ, ಸಾಮಾನು ಲಾರಿ ಹತ್ತಿದ ಮೇಲೆ ದರ ಏರಿಸುವವರೂ ಇದ್ದಾರೆ. ಸಾಮಾನಿನ ಪಟ್ಟಿ, ಒಟ್ಟು ದರ, ಜಿಎಸ್‌ಟಿ ಸೇರಿದೆಯೇ ಎಂಬುದು, ಗಾಡಿ ನಂಬರ್, ಒಡೆದರೆ ಯಾರ ಹೊಣೆ, ಇಷ್ಟು ಬರಹದಲ್ಲಿ ಇರಲಿ. ಪೂರ್ತಿ ಹಣ ಮುಂಗಡ ಕೊಡಬೇಡಿ. ಪುಸ್ತಕ, ಬಟ್ಟೆಯಂಥ ನಾಲ್ಕೈದು ಬಾಕ್ಸ್ ಮಾತ್ರ ಇದ್ದರೆ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಪಾರ್ಸೆಲ್ ವಿಚಾರಿಸಿ.

ಏನು ಒಯ್ಯಬೇಕು ಎಂಬುದೇ ಮನೆಯಲ್ಲಿ ಜಗಳದ ವಿಷಯ. ಬಚ್ಚಲ ಹಂಡೆಯನ್ನೇ ನೋಡಿ. ತಳದಲ್ಲಿ ಅರ್ಧ ಅಂಗುಲ ಮಸಿ, ಮೂರು ತಲೆಮಾರು ಅದರಲ್ಲಿ ಮಿಂದಿದೆ, ತಾಮ್ರದ ಬೆಲೆಯೂ ಇದೆ. ಆದರೆ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಅದಕ್ಕೆ ಒಲೆಯಿಲ್ಲ, ಸೌದೆಯಿಲ್ಲ, ಹೊಗೆ ಹೋಗಲು ದಾರಿಯಿಲ್ಲ. ಬಿಟ್ಟು ಹೋಗಿ. ಒರಳುಕಲ್ಲಿಗೂ ಇದೇ ಮಾತು. ಮಲೆನಾಡಿನ ತೇವಕ್ಕೆ ಹೊಂದಿಕೊಂಡ ಹಲಸಿನ ಮರದ ಬೀರು, ಮಂಚ ಬಯಲುಸೀಮೆಯ ಒಣ ಗಾಳಿಗೆ ಸಂದಿ ಬಿಡುವುದುಂಟು, ಬಿಗಿದು ಕಟ್ಟಿದ್ದನ್ನು ಅಲ್ಲಿ ಮತ್ತೆ ಬಡಗಿಗೆ ತೋರಿಸಬೇಕಾದೀತು. ಅಟ್ಟದಲ್ಲಿ ಬೀಟೆ, ತೇಗದ ಹಲಗೆ ಇದೆ, ಹೇಗೂ ಲಾರಿ ಹೋಗುತ್ತಿದೆ ಎಂದು ಏರಿಸಬೇಡಿ. ಸಿದ್ಧ ಪೀಠೋಪಕರಣ ಬೇರೆ, ಮರದ ಹಲಗೆ ಬೇರೆ. ಹಲಗೆ ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕು, ಇಲ್ಲದಿದ್ದರೆ ಚೆಕ್‌ಪೋಸ್ಟ್‌ನಲ್ಲಿ ಲಾರಿಯೇ ನಿಲ್ಲುತ್ತದೆ.

ಗ್ಯಾಸ್ ಸಿಲಿಂಡರ್ ಲಾರಿಗೆ ಹಾಕುವಂತಿಲ್ಲ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಇಲ್ಲಿನ ಏಜೆನ್ಸಿಗೆ ಒಪ್ಪಿಸಿ ಟರ್ಮಿನೇಷನ್ ವೋಚರ್, ಅಂದರೆ ಸಂಪರ್ಕ ಬಿಟ್ಟ ಚೀಟಿ ಪಡೆಯಿರಿ. ಠೇವಣಿ ವಾಪಸ್ ಬರುತ್ತದೆ. ಆ ಚೀಟಿ ತೋರಿಸಿ ಬೆಂಗಳೂರಿನಲ್ಲಿ ಮತ್ತೆ ಸಂಪರ್ಕ. ನೀವು ಹಿಂದೆ ಕಟ್ಟಿದ್ದಷ್ಟೇ ಬರುವುದು, ಅಲ್ಲಿ ಕಟ್ಟುವುದು ಇಂದಿನ ದರ. 14.2 ಕೆ.ಜಿ. ಸಿಲಿಂಡರ್ ಠೇವಣಿಯನ್ನು 2022ರಲ್ಲಿ 1,450ರಿಂದ 2,200ಕ್ಕೆ ಏರಿಸಿದರು. ಆ ವ್ಯತ್ಯಾಸಕ್ಕೆ ಕೈಯಲ್ಲಿ ದುಡ್ಡಿರಲಿ.

ಕಾಗದಪತ್ರಗಳಲ್ಲಿ ಇಲ್ಲೇ ಮುಗಿಸಬೇಕಾದವು ಎರಡು. ಮಕ್ಕಳ ಟಿಸಿ, ಜೊತೆಗೆ ಅವರ ಸ್ಯಾಟ್ಸ್ ನಂಬರ್. ಆಮೇಲೆ ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಕಾಲೇಜಿನ ಸೀಟಿಗೆ, ವಿದ್ಯಾರ್ಥಿವೇತನಕ್ಕೆ ಬೇಕೇ ಬೇಕು. ಪರಿಶೀಲನೆಗೆ ನಿಮ್ಮನ್ನು ಬಲ್ಲ ಗ್ರಾಮ ಆಡಳಿತಾಧಿಕಾರಿ ಊರಿನಲ್ಲೇ ಇರುವಾಗ ಕೆಲಸ ಸಲೀಸು. ಎಸ್ಟೇಟಿನಲ್ಲಿ ರೈಟರ್ ಆಗಿಯೋ ಕಾರ್ಮಿಕರಾಗಿಯೋ ಇದ್ದು ಲೈನ್ ಮನೆ ಬಿಡುವವರು ಪಿಎಫ್‌ನ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ, ಐದು ವರ್ಷ ದಾಟಿದ್ದರೆ ಗ್ರಾಚ್ಯುಟಿ ಕೇಳಿ ಪಡೆಯಿರಿ. ರೇಷನ್ ಕಾರ್ಡ್‌ಗೆ ಗಾಬರಿ ಬೇಡ. ಆಧಾರ್ ಜೋಡಣೆ ಆಗಿದ್ದರೆ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು, ವಿಳಾಸ ನಿಧಾನಕ್ಕೆ ಬದಲಿಸಿ. ಕೆಎ-18 ಗಾಡಿಗೆ ರಾಜ್ಯದೊಳಗೆ ಹೊಸ ನಂಬರ್ ಬೇಕಿಲ್ಲ, ಆರ್‌ಸಿಯಲ್ಲಿ ವಿಳಾಸ ಬದಲಿಸಿದರೆ ಸಾಕು. ಮತದಾರರ ಪಟ್ಟಿಗೆ ನಮೂನೆ 8.

ಕರೆಂಟಿನ ವಿಷಯ ಹಲವರಿಗೆ ಗೊತ್ತಿಲ್ಲ. ಇಲ್ಲಿ ಮೆಸ್ಕಾಂ, ಅಲ್ಲಿ ಬೆಸ್ಕಾಂ. ಗೃಹಜ್ಯೋತಿ ಯೋಜನೆಯ 200 ಯೂನಿಟ್‌ವರೆಗಿನ ಉಚಿತ ಕರೆಂಟು ಬಾಡಿಗೆದಾರರಿಗೂ ಉಂಟು. ಆದರೆ ನಿಮ್ಮ ಆಧಾರ್ ಊರಿನ ಮನೆಯ ಆರ್‌ಆರ್ ನಂಬರ್‌ಗೆ ಅಂಟಿಕೊಂಡಿದ್ದರೆ ಹೊಸ ಮನೆಗೆ ಸಿಗುವುದಿಲ್ಲ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅದನ್ನು ಬಿಡಿಸಿ ಹೊಸ ನಂಬರ್‌ಗೆ ಜೋಡಿಸಬೇಕು. ಹೊಸ ಮನೆಯ ಹಿಂದಿನ ಬಾಡಿಗೆದಾರರೂ ತಮ್ಮದನ್ನು ಬಿಡಿಸಿಕೊಂಡಿದ್ದಾರೆಯೇ ಎಂದು ಮಾಲೀಕರನ್ನು ಅಡ್ವಾನ್ಸ್ ಕೊಡುವ ದಿನವೇ ಕೇಳಿ, ಹಳೆಯ ಬಿಲ್ಲೊಂದರ ಫೋಟೋ ತೆಗೆದುಕೊಳ್ಳಿ. ಊರಲ್ಲಿ ಅಪ್ಪ ಅಮ್ಮ ಉಳಿಯುವುದಾದರೆ ಇಲ್ಲಿನ ಜೋಡಣೆಯನ್ನು ಅವರ ಆಧಾರ್‌ಗೆ ಮಾಡಿಸಿದ ಮೇಲೆಯೇ ನಿಮ್ಮದನ್ನು ಹೊಸ ಮನೆಗೆ ಜೋಡಿಸಿ.